ಇಲ್ಲದ ಬೆಲೆಗೊಂದು ಗುರುತು

ನಲವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಕಿರುಪರೀಕ್ಷೆಯ ದಿನ ನಾಲ್ವರು ಬಂದಿಲ್ಲ ಎಂದುಕೊಳ್ಳೋಣ. ಅಂಕಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅಧ್ಯಾಪಕರು ಸೊನ್ನೆ ಬರೆಯುವುದಿಲ್ಲ, ‘ಗೈರು’ ಎಂದು ಬರೆಯುತ್ತಾರೆ. ಸೊನ್ನೆ ಪಡೆದವನು ಪರೀಕ್ಷೆ ಬರೆದು ಏನೂ ಗಳಿಸದವನು. ಗೈರಾದವನು ಎಷ್ಟು ಗಳಿಸುತ್ತಿದ್ದನೋ ನಮಗೆ ತಿಳಿಯದು. ಬಂದ 36 ಮಂದಿಯ ಒಟ್ಟು ಅಂಕ 1800 ಆಗಿದ್ದರೆ ಸರಾಸರಿ 50. ನಾಲ್ಕು ಗೈರುಗಳನ್ನು ಸೊನ್ನೆಯೆಂದು ಎಣಿಸಿ 40ರಿಂದ ಭಾಗಿಸಿದರೆ ಅದು 45ಕ್ಕೆ ಇಳಿಯುತ್ತದೆ. ಈ ವ್ಯತ್ಯಾಸ ಪ್ರಾಥಮಿಕ ಶಾಲೆಯ ಅಧ್ಯಾಪಕರಿಗೂ ತಿಳಿದದ್ದೇ.

ಗಣಕಯಂತ್ರಕ್ಕೆ ಮಾತ್ರ ಇದನ್ನು ತಿಳಿಸಿ ಹೇಳುವುದು ಸುಲಭವಾಗಿರಲಿಲ್ಲ. ಕಾಗದದ ಮೇಲೆ ಖಾಲಿ ಜಾಗ ಬಿಡಬಹುದು, ಅಡ್ಡಗೆರೆ ಎಳೆಯಬಹುದು. ಗಣಕದ ಸ್ಮೃತಿಕೋಶದಲ್ಲಿ ಖಾಲಿ ಜಾಗವೆಂಬುದೇ ಇಲ್ಲ. ಅಲ್ಲಿ 0 ಮತ್ತು 1ಗಳ ಒಂದಲ್ಲ ಒಂದು ಜೋಡಣೆ ಇದ್ದೇ ಇರುತ್ತದೆ, ಮತ್ತು ಬಹುತೇಕ ಪ್ರತಿಯೊಂದು ಜೋಡಣೆಯೂ ಯಾವುದೋ ಒಂದು ಸಂಖ್ಯೆಯೇ. ಹಾಗಾದರೆ ‘ಇಲ್ಲಿ ಅಳತೆ ಇಲ್ಲ’ ಎಂಬುದನ್ನು ಹೇಗೆ ಬರೆಯುವುದು? ಬರೆದದ್ದನ್ನು ಲೆಕ್ಕ ಮಾಡುವ ಫಂಕ್ಷನ್ ಹೇಗೆ ಗುರುತಿಸಬೇಕು? ಗುರುತಿಸಿದ ಮೇಲೆ ಏನು ಮಾಡಬೇಕು: ನಿಲ್ಲಬೇಕೆ, ಬಿಟ್ಟು ಮುಂದೆ ಹೋಗಬೇಕೆ, ಅಥವಾ ‘ಗೊತ್ತಿಲ್ಲ’ ಎಂಬ ಉತ್ತರವನ್ನೇ ಕೊಡಬೇಕೆ? ಈ ಪ್ರಶ್ನೆಗಳಿಗೆ ಸುಮಾರು ಒಂದು ಶತಮಾನದ ಇತಿಹಾಸವಿದೆ. ನಮ್ಮ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರದ ತಂತ್ರಾಂಶಗಳನ್ನು ಕಲಿಸುವಾಗ ಈ ಭಾಗವನ್ನು ಐದು ನಿಮಿಷದಲ್ಲಿ ಮುಗಿಸುವ ರೂಢಿಯಿದೆ. ಅದು ಸಾಲದೆಂಬುದು ನನ್ನ ಅಭಿಪ್ರಾಯ.

ಹೊಲದಲ್ಲಿ ಹಾಳಾದ ತುಂಡು

ಕಥೆ ಆರಂಭವಾಗುವುದು ಗಣಕದಲ್ಲಲ್ಲ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದ ಹೊಲಗಳಲ್ಲಿ. 1920ರ ದಶಕದಲ್ಲಿ ರೊನಾಲ್ಡ್ ಫಿಷರ್ ಅಲ್ಲಿ ಪ್ರಯೋಗ ವಿನ್ಯಾಸದ ಶಾಸ್ತ್ರವನ್ನು ಕಟ್ಟಿದರು. ಹೊಲವನ್ನು ಖಂಡಗಳಾಗಿಯೂ, ಖಂಡಗಳನ್ನು ತುಂಡುಗಳಾಗಿಯೂ ವಿಂಗಡಿಸಿ, ಪ್ರತಿ ಖಂಡದಲ್ಲೂ ಎಲ್ಲ ಉಪಚಾರಗಳನ್ನು ಯಾದೃಚ್ಛಿಕವಾಗಿ ಹಂಚುವುದು ಅದರ ಕ್ರಮ. ವಿನ್ಯಾಸ ಸಮತೋಲವಾಗಿದ್ದರೆ ಲೆಕ್ಕ ಸರಳ. ಆದರೆ ಒಂದು ತುಂಡಿನಲ್ಲಿ ದನ ಮೇಯ್ದರೆ, ನೀರು ನಿಂತು ಬೆಳೆ ಕೊಳೆತರೆ, ಕೊಯ್ಲಿನ ಚೀಲ ಕಳೆದುಹೋದರೆ ಆ ಸಮತೋಲವೆಲ್ಲ ಕೆಡುತ್ತದೆ. ಕೈಯಿಂದ ತಿರುಗಿಸುವ ಲೆಕ್ಕಯಂತ್ರಗಳ ಕಾಲದಲ್ಲಿ ಇದು ದೊಡ್ಡ ತೊಂದರೆ.

1930ರಲ್ಲಿ ಬೆಟ್ಟಿ ಅಲನ್ ಮತ್ತು ಜಾನ್ ವಿಶಾರ್ಟ್ ಇದಕ್ಕೊಂದು ಸೂತ್ರ ಕೊಟ್ಟರು. (ಅಲನ್ ಆಸ್ಟ್ರೇಲಿಯದವರು. ಆ ದೇಶದ ವಿಜ್ಞಾನ ಸಂಶೋಧನ ಮಂಡಳಿಯ ಮೊದಲ ಸಂಖ್ಯಾಶಾಸ್ತ್ರಜ್ಞೆ. ವಿವಾಹಿತ ಮಹಿಳೆಯರು ಸರ್ಕಾರಿ ಹುದ್ದೆಯಲ್ಲಿ ಇರಬಾರದೆಂಬ ಆಗಿನ ನಿಯಮದಿಂದಾಗಿ 1940ರಲ್ಲಿ ಮದುವೆಯೊಂದಿಗೆ ಅವರ ಹುದ್ದೆಯೂ ಹೋಯಿತು.) 1933ರಲ್ಲಿ ಫ್ರಾಂಕ್ ಯೇಟ್ಸ್, ಫಿಷರ್ ಅವರ ಸಲಹೆಯಂತೆ, ಅದನ್ನು ಹಲವು ತುಂಡುಗಳು ಬಿಟ್ಟುಹೋದ ಸಂದರ್ಭಕ್ಕೂ ವಿಸ್ತರಿಸಿದರು. ದೋಷವರ್ಗಗಳ ಮೊತ್ತ ಕನಿಷ್ಠವಾಗುವಂತಹ ಬೆಲೆಯನ್ನು ಖಾಲಿ ಜಾಗದಲ್ಲಿ ತುಂಬುವುದು ಅದರ ತತ್ತ್ವ.

ಒಂದು ಉದಾಹರಣೆ ನೋಡೋಣ. ನಾಲ್ಕು ಉಪಚಾರ, ಮೂರು ಖಂಡ. ಮೊದಲ ಖಂಡದ ಇಳುವರಿ ಕ್ರಮವಾಗಿ 20, 24, 22, 26. ಎರಡನೆಯದರಲ್ಲಿ 22, 26, ಮೂರನೆಯ ಉಪಚಾರದ್ದು ಇಲ್ಲ, 28. ಮೂರನೆಯದರಲ್ಲಿ 19, 23, 21, 25. ಬಿಟ್ಟುಹೋದ ಉಪಚಾರದ ಉಳಿದ ಇಳುವರಿಗಳ ಮೊತ್ತ 43. ಆ ಖಂಡದಲ್ಲಿ ಉಳಿದವುಗಳ ಮೊತ್ತ 76. ಒಟ್ಟು ಮೊತ್ತ 256. ಸೂತ್ರದಂತೆ (4 × 43 + 3 × 76 − 256) ÷ (3 × 2) = 24. ಇಲ್ಲಿ ಸಂಖ್ಯೆಗಳನ್ನು ನಾನು ಬೇಕೆಂದೇ ಸರಳವಾಗಿ ಆರಿಸಿದ್ದೇನೆ. ನಿಜವಾದ ಹೊಲ ಇಷ್ಟು ವಿಧೇಯವಾಗಿರುವುದಿಲ್ಲ.

ಇದರಲ್ಲಿ ಗಮನಿಸಬೇಕಾದ್ದು 24 ಎಂಬ ಉತ್ತರವಲ್ಲ, ಅದರ ಮುಂದಿನ ಹೆಜ್ಜೆ. ಯೇಟ್ಸ್ ವಿಧಾನದಲ್ಲಿ 24ನ್ನು ತುಂಬಿದ ಮೇಲೆ ದೋಷದ ಸ್ವಾತಂತ್ರ್ಯಮಾನವನ್ನು 6ರಿಂದ 5ಕ್ಕೆ ಇಳಿಸಬೇಕು. ತುಂಬಿದ ಸಂಖ್ಯೆ ಹೊಸ ಅಳತೆಯಲ್ಲ, ಅದರಿಂದ ನಮ್ಮ ತಿಳಿವಳಿಕೆ ಕೂದಲೆಳೆಯಷ್ಟೂ ಹೆಚ್ಚಿಲ್ಲ ಎಂಬುದಕ್ಕೆ ಆ ಒಂದಂಕದ ಕಡಿತವೇ ಸಾಕ್ಷಿ. ಖಾಲಿ ಜಾಗ ತುಂಬಿತು, ಆದರೆ ಅದು ಖಾಲಿಯಾಗಿತ್ತು ಎಂಬ ನೆನಪು ಲೆಕ್ಕದಲ್ಲಿ ಉಳಿಯಿತು.

ನಮ್ಮಲ್ಲೂ ಈ ಕೆಲಸ ನಡೆದಿದೆ. ಬಿಟ್ಟುಹೋದ ಅಥವಾ ಒಂದರೊಡನೊಂದು ಬೆರೆತುಹೋದ ಇಳುವರಿಗಳ ವಿಶ್ಲೇಷಣೆಯ ಬಗ್ಗೆ ಕೆ. ಆರ್. ನಾಯರ್ 1940ರಲ್ಲಿ ‘ಸಾಂಖ್ಯ’ ಪತ್ರಿಕೆಯಲ್ಲಿ ಬರೆದರು. ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿ 2023ರಲ್ಲಿ ನಿಧನರಾದ ಸಿ. ಆರ್. ರಾವ್, ಹಲವು ಲಕ್ಷಣಗಳಲ್ಲಿ ಒಂದರ ಅಳತೆ ಮಾತ್ರ ಅಪೂರ್ಣವಾಗಿದ್ದಾಗ ಏನು ಮಾಡಬೇಕೆಂಬುದನ್ನು 1956ರ ಒಂದು ಪ್ರಬಂಧದಲ್ಲಿ ಚರ್ಚಿಸಿದ್ದಾರೆ.

ಕಾವಲು ಸಂಖ್ಯೆಗಳು

ಗಣಕಗಳು ಬಂದಾಗ ಆ ನೆನಪು ಅಳಿಸಿಹೋಯಿತು. ತೂತುಕಾರ್ಡುಗಳ ಕಾಲದಲ್ಲಿ ಅಳತೆ ಇಲ್ಲದ ಕಡೆ ಅಂಕಣವನ್ನು ಖಾಲಿ ಬಿಡುವುದು ಸಹಜವಾಗಿತ್ತು. ಆದರೆ ಫೋರ್ಟ್ರಾನ್ ಭಾಷೆ ಸಂಖ್ಯೆಯನ್ನು ಓದಬೇಕಾದ ಕಡೆ ಪೂರ್ತಿ ಖಾಲಿ ಅಂಕಣ ಸಿಕ್ಕರೆ ಅದನ್ನು ಸೊನ್ನೆಯೆಂದೇ ಓದುತ್ತಿತ್ತು. ಮಳೆಮಾಪಕ ಕೆಟ್ಟಿದ್ದ ದಿನವೂ ಮಳೆ ಬಾರದ ದಿನವೂ ಒಂದೇ ಆದವು.

ಇದನ್ನು ತಪ್ಪಿಸಲು ಕಂಡುಕೊಂಡ ಉಪಾಯವೇ ಕಾವಲು ಸಂಖ್ಯೆ. ನಿಜವಾದ ಅಳತೆಯಾಗಿ ಎಂದೂ ಬರಲಾರದ 99, 999, −999 ಮುಂತಾದ ಒಂದನ್ನು ಆರಿಸಿ, ಅದಕ್ಕೆ ‘ಅಳತೆ ಇಲ್ಲ’ ಎಂಬ ಅರ್ಥ ಕೊಡುವುದು. ಈ ಪದ್ಧತಿ ಇಂದಿಗೂ ಜೀವಂತವಾಗಿದೆ. ಭಾರತೀಯ ಹವಾಮಾನ ಇಲಾಖೆ ಹಂಚುವ ಚೌಕಜಾಲ ದತ್ತಾಂಶಗಳಲ್ಲಿ ಬೆಲೆಯಿಲ್ಲದ ಚೌಕಗಳಿಗೆ ಮಳೆಯ ಕಡತದಲ್ಲಿ −999 ಎಂದೂ, ತಾಪಮಾನದ ಕಡತದಲ್ಲಿ 99.9 ಎಂದೂ ಇರುತ್ತದೆ. ಯೋಜನಾ ಕಾರ್ಯಕ್ಕೆ ಇವನ್ನು ಬಳಸುವ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ.

ಎರಡರಲ್ಲಿ ಯಾವುದು ಹೆಚ್ಚು ಅಪಾಯಕಾರಿ? ಕರಾವಳಿಯನ್ನೂ ಒಳಗೊಂಡ 30 ಚೌಕಗಳಿವೆ, ಒಂದು ಸಮುದ್ರದ ಮೇಲಿರುವುದರಿಂದ ಅದಕ್ಕೆ ಬೆಲೆಯಿಲ್ಲ ಎಂದಿಟ್ಟುಕೊಳ್ಳೋಣ. ಮಳೆಯ ಸರಾಸರಿ ತೆಗೆದರೆ −999 ಒಂದೇ ಸರಾಸರಿಯನ್ನು 33 ಮಿಲಿಮೀಟರಿಗೂ ಹೆಚ್ಚು ಕೆಳಗೆಳೆಯುತ್ತದೆ. ಉತ್ತರ ಸಾಮಾನ್ಯವಾಗಿ ಋಣಸಂಖ್ಯೆಯಾಗುತ್ತದೆ, ಋಣ ಮಳೆ ಎಂಬುದಿಲ್ಲವಾದ್ದರಿಂದ ಯಾರಾದರೂ ನಿಂತು ನೋಡುತ್ತಾರೆ. ತಾಪಮಾನದಲ್ಲಿ ಹಾಗಲ್ಲ. ಉಳಿದ 29 ಚೌಕಗಳಲ್ಲಿ 30 ಡಿಗ್ರಿ ಇದ್ದು ಒಂದರಲ್ಲಿ 99.9 ಸೇರಿದರೆ ಸರಾಸರಿ 32.3 ಡಿಗ್ರಿ. ಯಾರಿಗೂ ಅನುಮಾನ ಬರದ, ಬೇಸಿಗೆಗೆ ತಕ್ಕ ಸಂಖ್ಯೆ. ಭೂತಾಪದ ಚರ್ಚೆಯಲ್ಲಿ ಒಂದು ಡಿಗ್ರಿಯ ಹತ್ತನೆಯ ಭಾಗಕ್ಕೂ ಬೆಲೆ ಇರುವಾಗ, ಇಲ್ಲಿ ಎರಡು ಡಿಗ್ರಿ ಎಲ್ಲಿಂದಲೋ ಬಂದು ಸೇರಿಕೊಂಡಿದೆ.

ಕಾವಲು ಸಂಖ್ಯೆಯ ದೋಷ ಇದೇ. ಅದು ಗುರುತೆಂಬುದು ದತ್ತಾಂಶದ ಜೊತೆ ಬರುವ ವಿವರಣೆಯಲ್ಲಿದೆ, ಸಂಖ್ಯೆಯಲ್ಲಿಲ್ಲ. ಕೂಡುವ ಫಂಕ್ಷನ್ ವಿವರಣೆ ಓದುವುದಿಲ್ಲ.

ಓಝೋನ್ ರಂಧ್ರ ಮತ್ತು ಒಂದು ವದಂತಿ

ಈ ವಿಷಯದಲ್ಲಿ ಎಲ್ಲರೂ ಹೇಳುವ ಕಥೆಯೊಂದಿದೆ. ಅಂಟಾರ್ಕ್ಟಿಕದ ಮೇಲಿನ ಓಝೋನ್ ರಂಧ್ರವನ್ನು ಅಮೆರಿಕದ ಉಪಗ್ರಹ ವರ್ಷಗಟ್ಟಲೆ ಕಂಡಿತ್ತು, ಆದರೆ ಗಣಕದ ಕ್ರಮವಿಧಿ ತೀರ ಕಡಿಮೆ ಅಳತೆಗಳನ್ನು ತಪ್ಪೆಂದು ಎಸೆದುಬಿಟ್ಟಿದ್ದರಿಂದ ಯಾರಿಗೂ ತಿಳಿಯಲಿಲ್ಲ, ಎಂಬುದು ಕಥೆ. ಪಠ್ಯಗಳಲ್ಲೂ ಭಾಷಣಗಳಲ್ಲೂ ಇದು ಮತ್ತೆ ಮತ್ತೆ ಬರುತ್ತದೆ. ನಡೆದದ್ದು ಪೂರ್ತಿ ಹಾಗಲ್ಲ. ನಡೆದದ್ದರಲ್ಲಿಯೇ ನಮಗೆ ಹೆಚ್ಚಿನ ಪಾಠವಿದೆ.

ಓಝೋನನ್ನು ಅಳೆಯುವುದು ಡಾಬ್ಸನ್ ಮಾನದಲ್ಲಿ. ತಲೆಯ ಮೇಲಿನ ವಾತಾವರಣದ ಎಲ್ಲ ಓಝೋನನ್ನೂ ಪ್ರಮಾಣಿತ ಒತ್ತಡ ಮತ್ತು ತಾಪಕ್ಕೆ ತಂದು ನೆಲದ ಮೇಲೆ ಹರಡಿದರೆ ಆಗುವ ಪದರದ ದಪ್ಪ 3 ಮಿಲಿಮೀಟರ್ ಆದರೆ ಅದು 300 ಮಾನ. 1978ರ ಅಕ್ಟೋಬರಿನಲ್ಲಿ ಹಾರಿದ ನಿಂಬಸ್-7 ಉಪಗ್ರಹದಲ್ಲಿ ಟಾಮ್ಸ್ ಎಂಬ ಓಝೋನ್ ಮಾಪಕವಿತ್ತು. ಅದರ ದತ್ತಾಂಶವನ್ನು ಸಂಸ್ಕರಿಸುವ ಕ್ರಮವಿಧಿ 180ಕ್ಕಿಂತ ಕಡಿಮೆ ಬಂದ ಅಳತೆಗಳಿಗೆ ‘ಸಂಶಯಾಸ್ಪದ’ ಎಂಬ ಗುರುತು ಹಚ್ಚುತ್ತಿತ್ತು. ಅಂತಹ ಕಡಿಮೆ ಬೆಲೆಗಳು ಅದುವರೆಗೆ ಕಂಡಿರಲಿಲ್ಲ. ಮಾಪಕ ಕೆಟ್ಟಾಗ ಮಾತ್ರ ಹಾಗೆ ಬರಬಹುದೆಂಬುದು ಸಮಂಜಸವಾದ ಊಹೆಯೇ ಆಗಿತ್ತು. ಮುಖ್ಯ ಸಂಗತಿಯೆಂದರೆ ಅಳತೆಗಳನ್ನು ಅಳಿಸಿರಲಿಲ್ಲ, ಗುರುತು ಹಚ್ಚಿ ಇಟ್ಟಿದ್ದರು.

ನಾಸಾದ ಗೊಡಾರ್ಡ್ ಕೇಂದ್ರದ ತಂಡದಲ್ಲಿ ಭಾರತ ಮೂಲದ ಪವನ್ ಭಾರ್ತಿಯಾ ಇದ್ದರು. 1983ರ ಅಕ್ಟೋಬರಿನ ದತ್ತಾಂಶವನ್ನು 1984ರಲ್ಲಿ ನೋಡುವಾಗ, ಗುರುತು ಹತ್ತಿದ ಅಳತೆಗಳ ಸಂಖ್ಯೆ ದಿಢೀರನೆ ಏರಿದ್ದು ತಂಡದ ಗಮನಕ್ಕೆ ಬಂತು. ಅವು ಅಲ್ಲಲ್ಲಿ ಚದುರಿರಲಿಲ್ಲ, ಅಂಟಾರ್ಕ್ಟಿಕದ ಮೇಲೆ ಒಟ್ಟಾಗಿದ್ದವು. ಕೆಟ್ಟ ಮಾಪಕ ಹೀಗೆ ಭೂಗೋಳ ನೋಡಿಕೊಂಡು ಕೆಡುವುದಿಲ್ಲ. ತಂಡದವರು ನೆಲದ ಅಳತೆಯೊಡನೆ ಹೋಲಿಸಲು ದಕ್ಷಿಣಧ್ರುವ ಕೇಂದ್ರದ ದಾಖಲೆ ನೋಡಿದರು. ಅಲ್ಲಿ ಸುಮಾರು 300 ಎಂದಿತ್ತು! ಆ ನೆಲದ ಅಳತೆಯೇ ತಪ್ಪಾಗಿತ್ತೆಂದು ಆಮೇಲೆ ತಿಳಿಯಿತು. ಹೀಗೆ ಸರಿಯಾದ ಅಳತೆಗೆ ಸಂಶಯದ ಗುರುತು, ತಪ್ಪು ಅಳತೆಗೆ ಯಾವ ಗುರುತೂ ಇಲ್ಲ. ತಂಡದ ಕೆಲಸ ಸಾಗುತ್ತಿರುವಾಗಲೇ, 1985ರ ಮೇ ತಿಂಗಳಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ ಸಮೀಕ್ಷೆಯ ಜೋಸೆಫ್ ಫಾರ್ಮನ್, ಬ್ರಯನ್ ಗಾರ್ಡಿನರ್, ಜೊನಾಥನ್ ಷಾಂಕ್ಲಿನ್ ತಮ್ಮ ಹ್ಯಾಲಿ ಬೇ ಕೇಂದ್ರದ ಅಳತೆಗಳನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಕ್ಟೋಬರ್ ಸರಾಸರಿ 300ರ ಆಸುಪಾಸಿನಿಂದ 200ರ ಆಸುಪಾಸಿಗೆ ಇಳಿದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಪ್ರಾಗ್ ನಗರದ ಸಮ್ಮೇಳನದಲ್ಲಿ ನಾಸಾ ತಂಡ ಉಪಗ್ರಹದ ಚಿತ್ರವನ್ನು ಮುಂದಿಟ್ಟಿತು. ರಂಧ್ರದ ವಿಸ್ತಾರ ಲೋಕಕ್ಕೆ ಕಂಡದ್ದು ಆಗ, ಮತ್ತು ಅದೇ ಗುರುತು ಹಚ್ಚಿದ್ದ ಅಳತೆಗಳಿಂದ. ‘ಗಣಕ ಎಸೆದುಬಿಟ್ಟಿತು’ ಎಂಬುದು ವದಂತಿ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಪುಕೆಲ್ಸ್‌ಹೈಮ್ 1990ರಲ್ಲೇ ಬರೆದರೂ ವದಂತಿ ನಿಂತಿಲ್ಲ.

ಗುರುತು ಹಚ್ಚಿ ಇಡುವುದಕ್ಕೂ ಅಳಿಸುವುದಕ್ಕೂ ಇರುವ ಅಂತರ ಇಲ್ಲಿದೆ. ಆ ಕ್ರಮವಿಧಿ ನಿಜವಾಗಿಯೂ ಎಸೆದಿದ್ದರೆ 1984ರಲ್ಲಿ ನೋಡಲು ಏನೂ ಇರುತ್ತಿರಲಿಲ್ಲ. ಗುರುತುಗಳನ್ನು ಯಾರಾದರೂ ಎಣಿಸಿದ್ದರಿಂದ ಅವು ಮಾತಾಡಿದವು.

ಸಂಖ್ಯೆಯಲ್ಲದ ಸಂಖ್ಯೆ

ಗುರುತನ್ನು ಸಂಖ್ಯೆಗಳ ಗುಂಪಿನಿಂದಲೇ ಹೊರತರುವ ಕೆಲಸ ಅದೇ 1985ರಲ್ಲಿ ಪೂರ್ಣವಾಯಿತು ಎನ್ನಬಹುದು. ಬರ್ಕ್ಲಿಯ ವಿಲಿಯಮ್ ಕಹಾನ್ ಅವರ ಮುಂದಾಳುತನದಲ್ಲಿ ದಶಮಾಂಶ ಸಂಖ್ಯೆಗಳ ಗಣಕ ರೂಪಕ್ಕೆ ಐಇಇಇ 754 ಎಂಬ ಮಾನಕ ಆ ವರ್ಷ ಹೊರಬಂದಿತು. ಅದರಲ್ಲಿ 64 ಬಿಟ್‌ಗಳ ಸಂಖ್ಯೆಗೆ ಚಿಹ್ನೆಗಾಗಿ 1, ಘಾತಕ್ಕಾಗಿ 11, ಭಿನ್ನರಾಶಿಗಾಗಿ 52 ಬಿಟ್ ಮೀಸಲು. ಘಾತದ 11 ಬಿಟ್‌ಗಳೂ 1 ಆಗಿದ್ದು ಭಿನ್ನರಾಶಿ ಸೊನ್ನೆಯಾದರೆ ಅದು ಅನಂತ. ಭಿನ್ನರಾಶಿ ಸೊನ್ನೆಯಲ್ಲದಿದ್ದರೆ ಅದು ‘ನ್ಯಾನ್’, ಅಂದರೆ ಸಂಖ್ಯೆಯಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಬರುವುದು ಇದೇ. ಇಂತಹ ಕಲ್ಪನೆ ಹಿಂದೆಯೂ ಇತ್ತು: 1964ರ ಸಿಡಿಸಿ 6600 ಯಂತ್ರದಲ್ಲಿ ‘ಅನಿರ್ದಿಷ್ಟ’ ಎಂಬ ರೂಪವೊಂದಿತ್ತು.

ನ್ಯಾನ್‌ಗೆ ಎರಡು ಗುಣಗಳಿವೆ. ಮೊದಲನೆಯದು, ಅದು ಸೇರಿದ ಬಹುತೇಕ ಎಲ್ಲ ಲೆಕ್ಕದ ಉತ್ತರವೂ ನ್ಯಾನ್. ಮಜ್ಜಿಗೆಗೆ ಬಿದ್ದ ಹುಳಿಯಂತೆ ಅದು ಕೊನೆಯವರೆಗೆ ಸಾಗಿಬರುತ್ತದೆ, ಯಾರ ಕಣ್ಣಿಗೂ ಬೀಳದೆ 32.3 ಆಗುವುದಿಲ್ಲ. ಎರಡನೆಯದು, ಅದು ತನಗೆ ತಾನೇ ಸಮವಲ್ಲ. ಒಂದು ಬೆಲೆ ತನಗೆ ತಾನು ಸಮವೇ ಎಂದು ಕೇಳಿ ‘ಅಲ್ಲ’ ಎಂಬ ಉತ್ತರ ಬಂದರೆ ಅದು ನ್ಯಾನ್ ಎಂದೇ ಅರ್ಥ. ಫಂಕ್ಷನ್‌ನ ಬಾಗಿಲಲ್ಲಿ ತಪಾಸಣೆ ಮಾಡಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಆದರೆ ವೇಗದ ಆಸೆಗೆ ಜಿಸಿಸಿ ಕಂಪೈಲರಿನ ‘ಫಾಸ್ಟ್-ಮ್ಯಾತ್’ ಆಯ್ಕೆಯನ್ನು ಹಾಕಿದರೆ, ನ್ಯಾನ್ ಬರುವುದೇ ಇಲ್ಲವೆಂದು ಕಂಪೈಲರ್ ನಂಬಿ ಈ ತಪಾಸಣೆಯನ್ನೇ ತೆಗೆದುಹಾಕಬಹುದು. ಭೌತವಿಜ್ಞಾನದ ಅನುಕರಣ ಲೆಕ್ಕ ಮಾಡುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಎಸ್ ಭಾಷೆಯಿಂದ ಆರ್ ಭಾಷೆಗೆ

ನ್ಯಾನ್ ಎಂದರೆ ಲೆಕ್ಕ ಕೆಟ್ಟಿತು. ಗೈರು ಎಂದರೆ ಅಳತೆಯೇ ಬರಲಿಲ್ಲ. ಇವೆರಡು ಬೇರೆ ಬೇರೆ ಎಂಬುದನ್ನು ಎತ್ತಿಹಿಡಿದವರು ಸಂಖ್ಯಾಶಾಸ್ತ್ರಜ್ಞರು. 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ‘ಎಸ್’ ಭಾಷೆಯನ್ನು ಆರಂಭಿಸಿದರು. ಅದರಲ್ಲಿ ‘ಎನ್‌ಎ’, ಅಂದರೆ ‘ಲಭ್ಯವಿಲ್ಲ’, ಭಾಷೆಯದೇ ಒಂದು ಪದವಾಯಿತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಸ್ ಮಾದರಿಯಲ್ಲಿ ರೂಪಿಸಿ 1993ರಲ್ಲಿ ಹೊರತಂದ ‘ಆರ್’ ಭಾಷೆ ಅದನ್ನು ಮುಂದುವರಿಸಿತು. 1995ರಲ್ಲಿ ಆರ್ ಮುಕ್ತ ತಂತ್ರಾಂಶವಾಯಿತು. 1.0.0 ಆವೃತ್ತಿ ಬಂದದ್ದು 2000ದ ಫೆಬ್ರವರಿ 29ರಂದು.

ಆರ್ ಈ ಗುರುತನ್ನು ಎಲ್ಲಿ ಅಡಗಿಸಿಟ್ಟಿದೆ ಎಂಬುದು ಸ್ವಾರಸ್ಯಕರ. ದಶಮಾಂಶ ಸಂಖ್ಯೆಗಳಲ್ಲಿ ಎನ್‌ಎ ಎಂದರೆ ಒಂದು ವಿಶೇಷ ನ್ಯಾನ್. ಅದರ ಕೆಳಗಿನ 32 ಬಿಟ್‌ಗಳಲ್ಲಿ 1954 ಎಂಬ ಸಂಖ್ಯೆ ಇರುತ್ತದೆ. ಅದು ಇಹಾಕಾ ಹುಟ್ಟಿದ ವರ್ಷ. ಪೂರ್ಣಾಂಕಗಳಲ್ಲಿ ನ್ಯಾನ್ ಇಲ್ಲವಾದ್ದರಿಂದ 32 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ಕಿರಿಯ ಸಂಖ್ಯೆ −2147483648 ಅನ್ನು ಬಲಿಕೊಟ್ಟಿದ್ದಾರೆ. ಅಂದರೆ ಇಲ್ಲಿಯೂ ಒಳಗಿರುವುದು ಕಾವಲು ಸಂಖ್ಯೆಯೇ. ವ್ಯತ್ಯಾಸ ಇಷ್ಟೆ: ಅದರ ಅರ್ಥ ಈಗ ಭಾಷೆಗೇ ಗೊತ್ತು. ಆದರೂ ಎನ್‌ಎ ಮತ್ತು ಸಾಮಾನ್ಯ ನ್ಯಾನ್ ಎರಡನ್ನೂ ಕೂಡಿದರೆ ಉತ್ತರ ಯಾವುದೆಂದು ಆರ್ ಖಾತರಿ ಕೊಡುವುದಿಲ್ಲ. ಯಂತ್ರಾಂಶ ಮತ್ತು ಕಂಪೈಲರನ್ನು ಅವಲಂಬಿಸಿ ಎರಡರಲ್ಲಿ ಯಾವುದಾದರೂ ಬರಬಹುದು.

ತರ್ಕದಲ್ಲಿ ಎನ್‌ಎ ಮೂರನೆಯ ಬೆಲೆಯಾಗುತ್ತದೆ. ಸತ್ಯ, ಅಸತ್ಯಗಳ ಜೊತೆ ಮೂರನೆಯದೊಂದನ್ನು ಪೋಲೆಂಡಿನ ಲುಕಾಸಿಯೆವಿಚ್ 1920ರಲ್ಲಿ, ಅಮೆರಿಕದ ಕ್ಲೀನಿ 1938ರಲ್ಲಿ ಚರ್ಚಿಸಿದ್ದರು. ಆರ್‌ನಲ್ಲಿ ‘ಎನ್‌ಎ ಅಥವಾ ಸತ್ಯ’ ಎಂದರೆ ಸತ್ಯ, ಏಕೆಂದರೆ ತಿಳಿಯದ ಬೆಲೆ ಏನೇ ಆಗಿದ್ದರೂ ಉತ್ತರ ಬದಲಾಗದು. ಅದೇ ಕಾರಣಕ್ಕೆ ಎನ್‌ಎಯ ಸೊನ್ನೆಯ ಘಾತ 1. ಎನ್‌ಎ ಎನ್‌ಎಗೆ ಸಮವೇ ಎಂದರೆ ಉತ್ತರ ಎನ್‌ಎ. ಪರೀಕ್ಷೆಗೆ ಬಾರದ ಇಬ್ಬರ ಅಂಕಗಳು ಸಮವೇ ಎಂದು ಕೇಳಿದರೆ ‘ತಿಳಿಯದು’ ಎನ್ನುವುದಲ್ಲದೆ ಬೇರೇನು ಹೇಳಬಹುದು? ಹೊಸಬರು ‘ಎಕ್ಸ್ ಎನ್‌ಎಗೆ ಸಮವಾಗಿದ್ದರೆ’ ಎಂದು ಷರತ್ತು ಬರೆದು ದೋಷಸೂಚನೆ ಪಡೆಯುವುದು ಇದರಿಂದಲೇ. ಷರತ್ತಿಗೆ ಸತ್ಯ ಅಥವಾ ಅಸತ್ಯ ಬೇಕು, ಸಿಕ್ಕಿದ್ದು ಎನ್‌ಎ. ಸಮತೆಯಿಂದ ಹಿಡಿಯಲಾಗದ ಇದನ್ನು ಹಿಡಿಯಲು ‘ಈಸ್-ಎನ್‌ಎ’ ಎಂಬ ಪ್ರತ್ಯೇಕ ಫಂಕ್ಷನ್ ಇದೆ.

ಬೇರೆ ತಂತ್ರಾಂಶಗಳ ದಾರಿ ಬೇರೆ. ಸ್ಯಾಸ್‌ನಲ್ಲಿ ಬಿಟ್ಟುಹೋದ ಬೆಲೆ ಎಲ್ಲ ಸಂಖ್ಯೆಗಳಿಗಿಂತ ಚಿಕ್ಕದು, ಸ್ಟೇಟಾದಲ್ಲಿ ಎಲ್ಲಕ್ಕಿಂತ ದೊಡ್ಡದು. ವಯಸ್ಸು 18ಕ್ಕಿಂತ ಕಡಿಮೆ ಇರುವವರನ್ನು ಆರಿಸು ಎಂದರೆ ಸ್ಯಾಸ್ ವಯಸ್ಸು ತಿಳಿಯದವರನ್ನೂ ಸೇರಿಸಿಕೊಡುತ್ತದೆ. ವಯಸ್ಸು 60 ಮೀರಿದವರನ್ನು ಕೇಳಿದರೆ ಸ್ಟೇಟಾ ಅವರನ್ನೇ ಮುದುಕರ ಪಟ್ಟಿಗೆ ಸೇರಿಸುತ್ತದೆ. ಒಂದೇ ಸಮೀಕ್ಷೆ, ಒಂದೇ ವ್ಯಕ್ತಿ! ಬಾಗಿಲಲ್ಲಿ ತಪಾಸಣೆ ಮಾಡದಿದ್ದರೆ ಎರಡೂ ತಂತ್ರಾಂಶಗಳು ಮೌನವಾಗಿಯೇ ಇರುತ್ತವೆ. ಆರ್ ‘ತಿಳಿಯದು’ ಎನ್ನುವುದೇ ಇವೆರಡಕ್ಕಿಂತ ಪ್ರಾಮಾಣಿಕವೆಂದು ನನಗೆ ತೋರುತ್ತದೆ, ಕಲಿಯುವವರಿಗೆ ಕಿರಿಕಿರಿಯಾದರೂ.

ಬಾಗಿಲಲ್ಲಿ ತಪಾಸಣೆ

ಫಂಕ್ಷನ್‌ಗೆ ನಾವು ಒಪ್ಪಿಸುವ ಬೆಲೆಗಳಿಗೆ ಆರ್ಗ್ಯುಮೆಂಟ್ ಎನ್ನುತ್ತಾರೆ. ಇಲ್ಲಿ ‘ಇಲ್ಲ’ ಎಂಬುದಕ್ಕೆ ಎರಡು ಅರ್ಥಗಳಿವೆ. ಭಾರಯುಕ್ತ ಸರಾಸರಿಯ ಒಂದು ಫಂಕ್ಷನ್ ಬರೆದಿದ್ದೇವೆ, ಅದಕ್ಕೆ ಅಳತೆಗಳೂ ಭಾರಗಳೂ ಬೇಕು ಎನ್ನೋಣ. ಬಳಸುವವರು ಭಾರಗಳನ್ನು ಕೊಡದೆಯೇ ಇರಬಹುದು. ಅದು ಆರ್ಗ್ಯುಮೆಂಟೇ ಇಲ್ಲದಿರುವುದು. ಇದನ್ನು ಕೇಳಲು ಎಸ್ ಮತ್ತು ಆರ್ ಭಾಷೆಗಳಲ್ಲಿ ‘ಮಿಸ್ಸಿಂಗ್’ ಎಂಬ ಫಂಕ್ಷನ್ ಇದೆ. ಭಾರಗಳನ್ನು ಕೊಟ್ಟಿದ್ದು ಅವುಗಳಲ್ಲಿ ಒಂದು ಎನ್‌ಎ ಆಗಿರಬಹುದು. ಅದು ಬೆಲೆ ಇಲ್ಲದಿರುವುದು. ಮೊದಲನೆಯದಕ್ಕೆ ಎಲ್ಲ ಭಾರಗಳೂ ಸಮವೆಂದು ಭಾವಿಸುವುದು ಸಮಂಜಸ. ಎರಡನೆಯದಕ್ಕೂ ಹಾಗೆಯೇ ಮಾಡಿದರೆ ತಪ್ಪು. ಆರ್ ಭಾಷೆ ಆರ್ಗ್ಯುಮೆಂಟನ್ನು ಬೇಕಾದಾಗ ಮಾತ್ರ ಬಿಡಿಸಿ ನೋಡುವುದರಿಂದ, ಕೊಡದ ಆರ್ಗ್ಯುಮೆಂಟಿನ ವಿಷಯ ನೂರು ಸಾಲುಗಳ ನಂತರ ಹೊರಬರಬಹುದು. ಆದ್ದರಿಂದ ತಪಾಸಣೆ ಮೊದಲ ಸಾಲುಗಳಲ್ಲೇ ಇರಬೇಕು.

ತಪಾಸಣೆಯಲ್ಲೂ ಜಾರುವ ಜಾಗವಿದೆ. ಹತ್ತು ಅಳತೆಗಳ ಸರಣಿಗೆ ಈಸ್-ಎನ್‌ಎ ಪ್ರಯೋಗಿಸಿದರೆ ಹತ್ತು ಉತ್ತರಗಳು ಬರುತ್ತವೆ. ಷರತ್ತಿಗೆ ಬೇಕಾದದ್ದು ಒಂದು. ಹಿಂದಿನ ಆವೃತ್ತಿಗಳಲ್ಲಿ ಆರ್ ಮೊದಲನೆಯ ಉತ್ತರವನ್ನು ಮಾತ್ರ ನೋಡಿ, ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು. ಏಳನೆಯ ಅಳತೆ ಬಿಟ್ಟುಹೋಗಿದ್ದರೂ ತಪಾಸಣೆ ‘ಎಲ್ಲ ಸರಿ’ ಎನ್ನುತ್ತಿತ್ತು. 2022ರ ಏಪ್ರಿಲಿನಲ್ಲಿ ಬಂದ 4.2.0 ಆವೃತ್ತಿಯಿಂದ ಇದು ದೋಷವಾಗಿ ಲೆಕ್ಕ ನಿಲ್ಲುತ್ತದೆ. ಎಷ್ಟೋ ಹಳೆಯ ಕ್ರಮವಿಧಿಗಳು ಕೆಟ್ಟರೂ ಸರಿ, ಎಂದು ತೆಗೆದುಕೊಂಡ ನಿರ್ಧಾರ ಅದು. ಕೇಳಬೇಕಾದ ಸರಿಯಾದ ಪ್ರಶ್ನೆ ‘ಯಾವುದಾದರೂ ಒಂದು ಎನ್‌ಎ ಇದೆಯೇ’ ಎಂಬುದು. ಅದಕ್ಕಾಗಿ 2014ರಲ್ಲಿ 3.1.0 ಆವೃತ್ತಿಯಲ್ಲಿ ‘ಎನಿ-ಎನ್‌ಎ’ ಸೇರಿತು. ಸಂಖ್ಯೆಗಳ ಸರಣಿಯಲ್ಲಿ ಮೊದಲನೆಯ ಎನ್‌ಎ ಸಿಕ್ಕೊಡನೆ ಅದು ಹುಡುಕಾಟ ನಿಲ್ಲಿಸುವುದರಿಂದ ದೊಡ್ಡ ಸರಣಿಗಳಲ್ಲಿ ಸಮಯ ಉಳಿಯುತ್ತದೆ.

ಗುರುತಿಸಿದ ಮೇಲೆ ಏನು ಮಾಡಬೇಕು? ಇದರಲ್ಲಿ ಆರ್‌ಗೆ ಎರಡು ಮನಸ್ಸು. ಸರಾಸರಿಯ ಫಂಕ್ಷನ್ ಎನ್‌ಎ ಕಂಡರೆ ಎನ್‌ಎಯನ್ನೇ ಕೊಡುತ್ತದೆ. ಬಿಟ್ಟು ಲೆಕ್ಕಮಾಡು ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಆದರೆ ಹಿಂಚಲನ ಸಮೀಕರಣ ಹೊಂದಿಸುವ ‘ಎಲ್‌ಎಮ್’ ಫಂಕ್ಷನ್ ಎನ್‌ಎ ಇರುವ ಸಾಲುಗಳನ್ನು ತಾನೇ ತೆಗೆದು ಮುಂದುವರಿಯುತ್ತದೆ. ವಾಣಿಜ್ಯ ರೂಪದ ಎಸ್-ಪ್ಲಸ್‌ನಲ್ಲಿ ಹಾಗಿರಲಿಲ್ಲ, ಅಲ್ಲಿ ಮೂಲ ವ್ಯವಸ್ಥೆಯೇ ‘ನಿಲ್ಲು’ ಎಂಬುದಾಗಿತ್ತು. ಆರ್ ಅದನ್ನು ‘ಬಿಡು’ ಎಂದು ಬದಲಿಸಿದ್ದು ಅನುಕೂಲಕ್ಕೆ ಸರಿ, ಬೋಧನೆಗೆ ಸರಿಯಲ್ಲ. ಮಾನಕಗಳಲ್ಲೂ ಇದೇ ಹೊಯ್ದಾಟ. ಎರಡರಲ್ಲಿ ದೊಡ್ಡದನ್ನು ಆರಿಸುವಾಗ ಒಂದು ನ್ಯಾನ್ ಆಗಿದ್ದರೆ ಇನ್ನೊಂದನ್ನು ಕೊಡು ಎಂದು 2008ರ ಐಇಇಇ ಪರಿಷ್ಕರಣೆ ಹೇಳಿತು. 2019ರ ಪರಿಷ್ಕರಣೆ ಆ ಕ್ರಿಯೆಯನ್ನು ಕೈಬಿಟ್ಟು, ನ್ಯಾನನ್ನು ಮುಂದೆ ಸಾಗಿಸುವುದೊಂದು, ಬಿಡುವುದೊಂದು ಎಂದು ಬೇರೆ ಬೇರೆ ಕ್ರಿಯೆಗಳನ್ನು ಇಟ್ಟಿತು. ಪೈಥಾನಿನ ಪಾಂಡಾಸ್ ಬಹುಕಾಲ ನ್ಯಾನನ್ನೇ ಗೈರಿನ ಗುರುತಾಗಿ ಬಳಸಿ, 2020ರ 1.0 ಆವೃತ್ತಿಯಲ್ಲಿ ಪ್ರತ್ಯೇಕ ಎನ್‌ಎಯನ್ನು ಪ್ರಾಯೋಗಿಕವಾಗಿ ತಂದಿತು.

ಬಿಟ್ಟು ಮುಂದುವರಿಯುವುದು ಯಾವಾಗ ಸರಿ ಎಂಬುದನ್ನು ಡೊನಾಲ್ಡ್ ರೂಬಿನ್ 1976ರಲ್ಲಿ ‘ಬಯೊಮೆಟ್ರಿಕಾ’ದಲ್ಲಿ ವಿಚಾರಿಸಿದರು. ಬಿಟ್ಟುಹೋದುದಕ್ಕೂ ಬಿಟ್ಟುಹೋದ ಬೆಲೆಗೂ ಸಂಬಂಧವಿದೆಯೇ ಎಂಬುದು ಅವರ ಪ್ರಶ್ನೆಯ ತಿರುಳು. ಓದಿಲ್ಲವೆಂಬ ಹೆದರಿಕೆಯಿಂದ ಗೈರಾದವರನ್ನು ಬಿಟ್ಟು ತೆಗೆದ ಸರಾಸರಿ ತರಗತಿಯನ್ನು ಜಾಣ ತರಗತಿಯಾಗಿ ತೋರಿಸುತ್ತದೆ. ಇದನ್ನು ಯಾವ ಫಂಕ್ಷನ್ನೂ ಕಂಡುಹಿಡಿಯಲಾರದು. ಅದು ಮಾಡಬಲ್ಲದ್ದು ನಮ್ಮನ್ನು ತಡೆದು ನಿಲ್ಲಿಸುವುದನ್ನು ಮಾತ್ರ.

ಪ್ರಯೋಗಾಲಯದಲ್ಲಿ ತೋರಿಸಲು ಆರ್ ಜೊತೆಗೇ ಬರುವ ‘ಏರ್‌ಕ್ವಾಲಿಟಿ’ ಎಂಬ ಕೋಷ್ಟಕ ಚೆನ್ನಾಗಿದೆ. 1973ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನ್ಯೂಯಾರ್ಕಿನ ವಾಯುವಿನ 153 ದಿನಗಳ ದಾಖಲೆ ಅದು. ಇಲ್ಲಿಯೂ ಓಝೋನೇ, ಆದರೆ ನೆಲಮಟ್ಟದ್ದು. ಓಝೋನಿನ ಸರಾಸರಿ ಕೇಳಿದರೆ ಎನ್‌ಎ ಬರುತ್ತದೆ. ಬಿಟ್ಟು ಲೆಕ್ಕಿಸಿದರೆ ಶತಕೋಟಿಗೆ 42.1 ಭಾಗ. ಆಮೇಲೆ ಎನ್‌ಎಗಳನ್ನು ತಿಂಗಳುವಾರು ಎಣಿಸಲು ವಿದ್ಯಾರ್ಥಿಗಳಿಗೆ ಹೇಳಬೇಕು. ಒಟ್ಟು 37 ದಿನ ಅಳತೆಯಿಲ್ಲ, ಅವುಗಳಲ್ಲಿ 21 ಜೂನ್ ತಿಂಗಳೊಂದರಲ್ಲೇ. ಜೂನ್‌ಗೆ ಉಳಿದದ್ದು 9 ದಿನ. ಓಝೋನ್ ಕಡಿಮೆಯಿದ್ದ ಆ ತಿಂಗಳ ದನಿ ಅಡಗಿಹೋಗಿದೆ. ಐದು ತಿಂಗಳುಗಳ ಸರಾಸರಿಗಳನ್ನು ಬೇರೆ ಬೇರೆ ತೆಗೆದು ಅವುಗಳ ಸರಾಸರಿ ತೆಗೆದರೆ 40.7 ಬರುತ್ತದೆ. ಮುಂದೆ ಓಝೋನನ್ನು ಗಾಳಿಯ ವೇಗದೊಡನೆ ಹೊಂದಿಸಿದರೆ ಎಲ್‌ಎಮ್ 116 ದಿನಗಳನ್ನು ಬಳಸುತ್ತದೆ. ಅದಕ್ಕೆ ಸೌರವಿಕಿರಣವನ್ನೂ ಸೇರಿಸಿದರೆ 111 ದಿನಗಳನ್ನು, ಏಕೆಂದರೆ ಅದರಲ್ಲೂ 7 ದಿನಗಳ ಅಳತೆಯಿಲ್ಲ. ಎರಡು ಸಮೀಕರಣಗಳಲ್ಲಿ ಯಾವುದು ಮೇಲೆಂದು ಹೋಲಿಸಲು ಹೊರಟಾಗ, ಇವು ಒಂದೇ ಗಾತ್ರದ ದತ್ತಾಂಶದಿಂದ ಬಂದವಲ್ಲ ಎಂದು ಆರ್ ನಿರಾಕರಿಸುತ್ತದೆ. ಅದಕ್ಕೂ ಮೊದಲು, ಸಾರಾಂಶದ ಕೊನೆಗೆ ಆವರಣದೊಳಗೆ ಒಂದು ಚಿಕ್ಕ ಸಾಲು ಬಂದಿರುತ್ತದೆ: ಇಂತಿಷ್ಟು ವೀಕ್ಷಣೆಗಳನ್ನು ಬೆಲೆ ಇಲ್ಲದ ಕಾರಣ ಕೈಬಿಡಲಾಗಿದೆ, ಎಂದು. ಯೋಜನಾ ವರದಿಗೆ ಕೋಷ್ಟಕವನ್ನು ನಕಲು ಮಾಡುವಾಗ ಮೊದಲು ಬಿಟ್ಟುಹೋಗುವ ಸಾಲು ಅದೇ.